ಫ್ಯಾಕ್ಟೋರಿಯೊದಲ್ಲಿ ಸ್ಟೀಮ್ ಕರೆಂಟು ಸಾಲದಿದ್ದರೆ ಎಲ್ಲಿಂದ ಹುಡುಕಬೇಕು?

"ಇನ್ನೂ ಹತ್ತು ಎಂಜಿನ್ ಹಾಕಿದೆ. ಆದ್ರೂ ಕರೆಂಟು ಸಾಲ್ತಿಲ್ಲ. ಏನ್ ಮಾಡೋದು?"

ಜೂನ್ ಬಂದು ಮಳೆ ಹಿಡಿದು ಕೂತರೆ ಸಾಕು, ಈ ಪ್ರಶ್ನೆ ನನ್ನ ಫೋನಿಗೆ ಬರಲು ಶುರು. ತೋಟಕ್ಕೆ ಇಳಿಯುವ ಹಾಗಿಲ್ಲ, ಪೇಟೆಗೆ ಹೋಗುವ ಹಾಗಿಲ್ಲ. ಮಡಿಕೇರಿಯವರು, ವಿರಾಜಪೇಟೆಯವರು, ನಮ್ಮ ಸೋಮವಾರಪೇಟೆ ಕಡೆಯವರು ಎಲ್ಲರೂ ಫ್ಯಾಕ್ಟೋರಿಯೊ, ಅಂದರೆ ಗಣಿ, ಬೆಲ್ಟು, ಯಂತ್ರ ಜೋಡಿಸಿ ಕಾರ್ಖಾನೆ ಕಟ್ಟುವ ಕಂಪ್ಯೂಟರ್ ಆಟ, ತೆರೆದು ಕೂತಿರುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಕರೆಂಟು ಕಡಿಮೆ ಬಿದ್ದ ಕೂಡಲೇ ಎಂಜಿನ್ ಸೇರಿಸುವುದು ಎಲ್ಲರೂ ಮಾಡುವ ತಪ್ಪು. ನನ್ನ ಹತ್ತಿರ ಬಂದ ಸೇವ್ ಫೈಲುಗಳಲ್ಲಿ ಹೆಚ್ಚಿನವುಗಳಲ್ಲಿ ಎಂಜಿನ್ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಕಲ್ಲಿದ್ದಲು.

ಶುರು ಮಾಡುವ ಮೊದಲು

ಆಟವನ್ನು ಸೇವ್ ಮಾಡಿ, ಬೇರೆ ಹೆಸರಿನಲ್ಲಿ. ಕೊಡಗಿನ ಮಳೆಗಾಲದಲ್ಲಿ ಆಟದೊಳಗಿನ ಕರೆಂಟಿಗಿಂತ ಮೊದಲು ಮನೆಯ ಕರೆಂಟೇ ಹೋಗುತ್ತದೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಆಟೋಸೇವ್ ಅನ್ನು 5 ನಿಮಿಷಕ್ಕೆ ಇಟ್ಟುಕೊಳ್ಳಿ.

ಆಮೇಲೆ ನಿಮ್ಮ ಆಟ ಯಾವ ಆವೃತ್ತಿ ಅಂತ ನೋಡಿ. 2024ರ ಅಕ್ಟೋಬರ್‌ನಲ್ಲಿ 2.0 ಬಂದ ಮೇಲೆ ನೀರಿನ ಲೆಕ್ಕವೇ ಬದಲಾಗಿದೆ. ಹಳೆಯ ವಿಡಿಯೊ ನೋಡಿ ಕಟ್ಟಿದವರು ಇಲ್ಲೇ ಗೊಂದಲ ಮಾಡಿಕೊಳ್ಳುವುದು. ಅದನ್ನು ಹಂತ 5ರಲ್ಲಿ ಹೇಳುತ್ತೇನೆ. ಕೀಬೋರ್ಡಿನ ಆಲ್ಟ್ ಕೀಯನ್ನು ಒಂದು ಸಲ ಒತ್ತಿ. ಯಂತ್ರಗಳ ಮೇಲೆ ಅವುಗಳ ಒಳಗಿನ ವಿವರ ಕಾಣತೊಡಗುತ್ತದೆ. ಇದಿಲ್ಲದೆ ಹುಡುಕುವುದು ಮಂಜಿನಲ್ಲಿ ದನ ಹುಡುಕಿದ ಹಾಗೆ.

ಹೊಸಬರಿಗಾಗಿ ನಾಲ್ಕು ಹೆಸರು. ಆಫ್‌ಶೋರ್ ಪಂಪ್ ಅಂದರೆ ಕೆರೆಯ ದಡದಲ್ಲಿ ಕೂತು ನೀರೆತ್ತುವ ಪಂಪು. ಇದಕ್ಕೆ ಕರೆಂಟು ಬೇಡ. ಬಾಯ್ಲರ್ ಅಂದರೆ ನಮ್ಮ ಬಚ್ಚಲುಮನೆಯ ಸೌದೆ ಬಾಯ್ಲರಿನ ದೊಡ್ಡಣ್ಣ, ನೀರು ಕಾಯಿಸಿ 165 ಡಿಗ್ರಿಯ ಹಬೆ ಮಾಡುತ್ತದೆ. ಸ್ಟೀಮ್ ಎಂಜಿನ್ ಆ ಹಬೆಯಿಂದ ಕರೆಂಟು ಮಾಡುತ್ತದೆ. ಇನ್ಸರ್ಟರ್ ಅಂದರೆ ಸರಕು ಸಾಗಿಸುವ ಬೆಲ್ಟಿನಿಂದ ಕಲ್ಲಿದ್ದಲು ಎತ್ತಿ ಬಾಯ್ಲರಿಗೆ ಹಾಕುವ ಯಂತ್ರದ ಕೈ.

ಒಂದು ಬಾಯ್ಲರ್ 1.8 ಮೆಗಾವ್ಯಾಟ್. ಒಂದು ಎಂಜಿನ್ 900 ಕಿಲೋವ್ಯಾಟ್. ಅಂದರೆ ಒಂದು ಬಾಯ್ಲರಿಗೆ ಎರಡು ಎಂಜಿನ್. ಎಂಜಿನ್ ಮಾತ್ರ ಸೇರಿಸಿ ಬಾಯ್ಲರ್ ಸೇರಿಸದಿದ್ದರೆ ಇದ್ದ ಹಬೆಯನ್ನೇ ಇನ್ನಷ್ಟು ಜನ ಹಂಚಿಕೊಳ್ಳುತ್ತಾರೆ, ಅಷ್ಟೇ. ಮೇಲೆ ಹತ್ತು ಎಂಜಿನ್ ಹಾಕಿದವನ ಕಥೆ ಆಗಿದ್ದೂ ಇದೇ.

ಹಂತ 1: ಮೊದಲು ಭಾರ ಇಳಿಸಿ

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆಂದು ಸುತ್ತಲಿನವರೆಲ್ಲ ಒಟ್ಟಿಗೆ ಸ್ಪ್ರಿಂಕ್ಲರ್ ಮೋಟಾರು ಹಾಕಿದಾಗ ಮನೆಯ ಬಲ್ಬು ಕೆಂಪಗಾಗುತ್ತದೆ, ಅಲ್ವಾ? ಫ್ಯಾಕ್ಟೋರಿಯೊದಲ್ಲೂ ಹಾಗೇ. ಫ್ಯೂಸ್ ಹೋಗುವುದಿಲ್ಲ, ಎಲ್ಲ ಯಂತ್ರಗಳೂ ನಿಧಾನವಾಗುತ್ತವೆ. ಇದಕ್ಕೆ ಬ್ರೌನ್‌ಔಟ್ ಅನ್ನುತ್ತಾರೆ.

ತೊಂದರೆ ಏನೆಂದರೆ, ನಿಧಾನವಾಗುವವರಲ್ಲಿ ಕಲ್ಲಿದ್ದಲು ತೆಗೆಯುವ ಡ್ರಿಲ್‌ಗಳೂ ಇವೆ, ಬಾಯ್ಲರಿಗೆ ಉಣಿಸುವ ಇನ್ಸರ್ಟರ್‌ಗಳೂ ಇವೆ. ಕರೆಂಟು ಇಳಿದರೆ ಕಲ್ಲಿದ್ದಲು ಕಡಿಮೆ. ಕಲ್ಲಿದ್ದಲು ಕಡಿಮೆಯಾದರೆ ಕರೆಂಟು ಇನ್ನೂ ಕಡಿಮೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಎಲ್ಲವೂ ನಿಲ್ಲುತ್ತದೆ. ಆಟಗಾರರು ಇದನ್ನು ಡೆತ್ ಸ್ಪೈರಲ್ ಅನ್ನುತ್ತಾರೆ. ಮೊದಲು ಈ ಸುತ್ತನ್ನು ಕತ್ತರಿಸಬೇಕು, ಕಾರಣ ಹುಡುಕುವುದು ಆಮೇಲೆ.

ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಒಂದು ಕರೆಂಟು ಕಂಬ ಕಿತ್ತು ಹಾಕಿ. ಲ್ಯಾಬು, ರೇಡಾರು, ವಿದ್ಯುತ್ ಕುಲುಮೆ ಇರುವ ಕಡೆ ಪೂರ್ತಿ ಕತ್ತಲಾಗಲಿ. ಗಣಿ ಮತ್ತು ಬಾಯ್ಲರ್ ಕಡೆಯ ಸಾಲು ಮಾತ್ರ ಉಳಿಸಿಕೊಳ್ಳಿ. ಒಂದು ಎಚ್ಚರಿಕೆ: ಹತ್ತಿರದಲ್ಲಿ ಲೇಸರ್ ಟರೆಟ್, ಅಂದರೆ ಕರೆಂಟಿನಿಂದ ಓಡುವ ಕಾವಲು ಬಂದೂಕುಗಳಿದ್ದರೆ ಅವುಗಳ ಸಾಲು ಕತ್ತರಿಸಬೇಡಿ. ಬಾಯ್ಲರಿನ ಹೊಗೆ ಮೂಸಿಕೊಂಡು ಬರುವ ಬೈಟರ್ ಹುಳಗಳಿಗೆ ನಿಮ್ಮ ಕಷ್ಟ ಗೊತ್ತಾಗುವುದಿಲ್ಲ.

ಎಲ್ಲವೂ ಆಗಲೇ ನಿಂತಿದ್ದರೆ ಕೈಯಾರೆ ಉಣಿಸಬೇಕು. ಕಲ್ಲಿದ್ದಲು ಕೈಯಲ್ಲಿ ಹಿಡಿದು, ಕಂಟ್ರೋಲ್ ಕೀ ಒತ್ತಿಕೊಂಡು ಬಾಯ್ಲರ್ ಮೇಲೆ ಕ್ಲಿಕ್ ಮಾಡಿದರೆ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. 50 ಕಲ್ಲಿದ್ದಲಿನ ಒಂದು ಕಟ್ಟು, ಬಾಯ್ಲರ್ ಪೂರ್ತಿ ಉರಿದರೂ, ಸುಮಾರು 111 ಸೆಕೆಂಡ್ ಬರುತ್ತದೆ. ಎರಡು ನಿಮಿಷ ಕೂಡ ಇಲ್ಲ. ಅದಕ್ಕೇ ಭಾರ ಇಳಿಸಿ ಅಂದದ್ದು. ಭಾರ ಇಳಿಸಿದರೆ ಅದೇ ಕಟ್ಟು ಎಷ್ಟೋ ಹೊತ್ತು ಬಾಳುತ್ತದೆ, ಯಾಕೆಂದರೆ ಕರೆಂಟು ಬೇಕಾದಷ್ಟೇ ಬಾಯ್ಲರ್ ಉರಿಸುವುದು. ಕಲ್ಲಿದ್ದಲೇ ಇಲ್ಲವಾ? ನಾಲ್ಕು ಮರ ಕಡಿಯಿರಿ. ಸೌದೆಯೂ ಉರಿಯುತ್ತದೆ, ಆದರೆ ಕಲ್ಲಿದ್ದಲಿನ ಅರ್ಧ ಶಕ್ತಿ ಮಾತ್ರ.

ಹಂತ 2: ಕಂಬದ ಮೇಲೆ ಕ್ಲಿಕ್ ಮಾಡಿ, ಲೆಕ್ಕ ಓದಿ

ಯಾವುದಾದರೂ ಕರೆಂಟು ಕಂಬದ ಮೇಲೆ ಕ್ಲಿಕ್ ಮಾಡಿದರೆ ಒಂದು ಕಿಟಕಿ ತೆರೆಯುತ್ತದೆ. ಮೇಲೆ ಮೂರು ಪಟ್ಟಿ. ಸ್ಯಾಟಿಸ್‌ಫ್ಯಾಕ್ಷನ್ ಅಂದರೆ ಯಂತ್ರಗಳು ಕೇಳಿದ್ದರಲ್ಲಿ ಎಷ್ಟು ಸಿಗುತ್ತಿದೆ. ಪ್ರೊಡಕ್ಷನ್ ಅಂದರೆ ಎಷ್ಟು ತಯಾರಾಗುತ್ತಿದೆ. ಮೂರನೆಯದು ಅಕ್ಯುಮುಲೇಟರ್, ಅಂದರೆ ಬ್ಯಾಟರಿಯ ಮಟ್ಟ. ಕೆಳಗೆ ಎಡಕ್ಕೆ ಯಾರು ತಿನ್ನುತ್ತಿದ್ದಾರೆ, ಬಲಕ್ಕೆ ಯಾರು ಕೊಡುತ್ತಿದ್ದಾರೆ ಅನ್ನುವ ಪಟ್ಟಿ ಇರುತ್ತದೆ.

ಇಲ್ಲಿ ನೋಡಬೇಕಾದ್ದು ಒಂದೇ. ಬಲಗಡೆ ಸ್ಟೀಮ್ ಎಂಜಿನ್ ಎಷ್ಟಿವೆ ಅಂತ ನೋಡಿ, ಅದನ್ನು 0.9ರಿಂದ ಗುಣಿಸಿ. ಬಂದ ಉತ್ತರವನ್ನು ಅವು ಈಗ ಕೊಡುತ್ತಿರುವ ಕರೆಂಟಿನ ಜೊತೆ ಹೋಲಿಸಿ.

20 ಎಂಜಿನ್ ಇವೆ ಅಂದುಕೊಳ್ಳಿ. ಅವು 18 ಮೆಗಾವ್ಯಾಟ್ ಕೊಡಬಲ್ಲವು. ಸ್ಯಾಟಿಸ್‌ಫ್ಯಾಕ್ಷನ್ ಪಟ್ಟಿ ಅರ್ಧಕ್ಕೆ ನಿಂತಿದೆ, ಎಂಜಿನ್‌ಗಳು 18 ಮೆಗಾವ್ಯಾಟ್ ಕೊಡುತ್ತಿವೆ. ಹಾಗಿದ್ದರೆ ನಿಮ್ಮ ಎಂಜಿನ್‌ಗಳು ನಿಜವಾಗಿಯೂ ಸಾಲದು, ಹಂತ 3ಕ್ಕೆ ಹೋಗಿ. ಕೊಡುತ್ತಿರುವುದು 11 ಮೆಗಾವ್ಯಾಟ್ ಮಾತ್ರವಾ? ಹಾಗಿದ್ದರೆ ಎಂಜಿನ್‌ಗೆ ಹಬೆ ಸಿಗುತ್ತಿಲ್ಲ. ಇನ್ನು 100 ಎಂಜಿನ್ ಹಾಕಿದರೂ ಅದೇ 11. ಹಂತ 4ಕ್ಕೆ ಹೋಗಿ.

ಈ ಲೆಕ್ಕವನ್ನು ಕರೆಂಟು ಕಡಿಮೆ ಬಿದ್ದಿರುವಾಗಲೇ ಮಾಡಬೇಕು. ಎಲ್ಲ ಸರಿ ಇದ್ದಾಗ ಎಂಜಿನ್‌ಗಳು ಸುಮ್ನೆ ಅರ್ಧ ಓಡುತ್ತಿರುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹಂತ 1ರಲ್ಲಿ ಕಂಬ ಕಿತ್ತಿದ್ದರೆ, ಬೆಲ್ಟು ಸ್ವಲ್ಪ ತುಂಬಿದ ಮೇಲೆ ಮತ್ತೆ ನೆಟ್ಟು ನೋಡಿ.

ಇನ್ನೊಂದು ಸಾಧ್ಯತೆ ಇದೆ. ಕಂಬದ ಕಿಟಕಿಯಲ್ಲಿ ಎಲ್ಲ ಚೆನ್ನಾಗಿದೆ, ಆದರೆ ಒಂದು ಮೂಲೆಯ ಯಂತ್ರಗಳು ಮಾತ್ರ ನಿಂತಿವೆ. ಅದು ಕೊರತೆಯಲ್ಲ, ತಂತಿ ಕಡಿದಿದೆ. ಚಿಕ್ಕ ಮರದ ಕಂಬದ ತಂತಿ 7.5 ಚೌಕದವರೆಗೆ ಮಾತ್ರ ಎಟುಕುತ್ತದೆ, ಸುತ್ತ 5ಕ್ಕೆ 5 ಚೌಕಕ್ಕೆ ಕರೆಂಟು ಕೊಡುತ್ತದೆ. ಬೈಟರ್ ಒಂದು ಕಂಬ ತಿಂದುಹಾಕಿರಬಹುದು, ಅಥವಾ ನೀವೇ ಬೆಲ್ಟ್ ಎಳೆಯುವಾಗ ತೆಗೆದಿರಬಹುದು. ಎಂ ಕೀ ಒತ್ತಿ ನಕ್ಷೆ ತೆರೆದು, ಅದರಲ್ಲಿ ಕರೆಂಟು ಜಾಲ ತೋರಿಸುವ ಗುಂಡಿ ಒತ್ತಿದರೆ ಎಲ್ಲಿ ತುಂಡಾಗಿದೆ ಅಂತ ಕಾಣುತ್ತದೆ.

ಹಂತ 3: ಎಂಜಿನ್ ನಿಜವಾಗಿಯೂ ಸಾಲದಿದ್ದರೆ

ಕಿಟಕಿಯ ಎಡಗಡೆ ನೋಡಿ. ಅಲ್ಲಿ ಜಾಸ್ತಿ ತಿನ್ನುವವರು ಮೇಲೆ ಇರುತ್ತಾರೆ. ಹೆಚ್ಚಿನ ಸಲ ಮೇಲೆ ಕೂತಿರುವುದು ವಿದ್ಯುತ್ ಕುಲುಮೆ. ಒಂದು ಕುಲುಮೆ 186 ಕಿಲೋವ್ಯಾಟ್. ಒಂದು ಹಳದಿ ಬೆಲ್ಟ್ ತುಂಬ ತಗಡು ಬೇಕೆಂದರೆ 24 ಕುಲುಮೆ ಬೇಕು. ಕಬ್ಬಿಣಕ್ಕೊಂದು ಸಾಲು, ತಾಮ್ರಕ್ಕೊಂದು ಸಾಲು ಅಂದರೆ 48. ಒಟ್ಟು 8.9 ಮೆಗಾವ್ಯಾಟ್, ಹತ್ತು ಎಂಜಿನ್ ಬರೀ ಕುಲುಮೆಗೆ! ಕಲ್ಲಿನ ಕುಲುಮೆ, ಉಕ್ಕಿನ ಕುಲುಮೆ ಕಲ್ಲಿದ್ದಲನ್ನು ನೇರವಾಗಿ ಉರಿಸುತ್ತವೆ, ಕರೆಂಟು ಕೇಳುವುದಿಲ್ಲ. ಉಕ್ಕಿನದು ವಿದ್ಯುತ್ ಕುಲುಮೆಯಷ್ಟೇ ವೇಗ. ಸ್ಟೀಮ್ ಮೇಲೇ ಇರುವವರೆಗೆ ವಿದ್ಯುತ್ ಕುಲುಮೆಗೆ ಆತುರಪಡಬೇಡಿ ಅನ್ನುವುದು ನನ್ನ ಸಲಹೆ.

ಉಳಿದವರ ಹಸಿವು ಹೀಗಿದೆ. ವಿದ್ಯುತ್ ಡ್ರಿಲ್ 90 ಕಿಲೋವ್ಯಾಟ್. ಬಿಡಿಭಾಗ ಜೋಡಿಸುವ ಅಸೆಂಬ್ಲಿಂಗ್ ಮಶೀನ್, ಎರಡನೇ ದರ್ಜೆಯದು, 155. ಲ್ಯಾಬ್ 60. ರೇಡಾರ್ 300, ಹಗಲು ರಾತ್ರಿ ಬಿಡುವಿಲ್ಲದೆ. ಲೇಸರ್ ಟರೆಟ್ ಗುಂಡು ಹಾರಿಸದೆ ಸುಮ್ನೆ ನಿಂತಿದ್ದರೂ 24. ಸುತ್ತ 50 ಟರೆಟ್ ನಿಲ್ಲಿಸಿದರೆ ಅಲ್ಲೇ 1.2 ಮೆಗಾವ್ಯಾಟ್ ಹೋಯ್ತು. ಸ್ಪೀಡ್ ಮಾಡ್ಯೂಲ್ ಅನ್ನುವ ವೇಗದ ಬಿಲ್ಲೆ ಹಾಕಿದವರು ನೆನಪಿಡಿ: ಮೊದಲ ದರ್ಜೆಯದು 20 ಶೇಕಡಾ ವೇಗ ಕೊಟ್ಟು 50 ಶೇಕಡಾ ಕರೆಂಟು ಕೇಳುತ್ತದೆ.

ಒಂದು ಉದಾಹರಣೆ ಲೆಕ್ಕ. 24 ಡ್ರಿಲ್, 30 ಅಸೆಂಬ್ಲಿಂಗ್ ಮಶೀನ್, 10 ಲ್ಯಾಬ್, 24 ವಿದ್ಯುತ್ ಕುಲುಮೆ, 2 ರೇಡಾರ್. ಕೂಡಿದರೆ ಸುಮಾರು 12.5 ಮೆಗಾವ್ಯಾಟ್. 0.9ರಿಂದ ಭಾಗಿಸಿದರೆ 14 ಎಂಜಿನ್, 7 ಬಾಯ್ಲರ್. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬೆಳೆಯುವ ಕಾರ್ಖಾನೆಗೆ ಕಾಲು ಭಾಗವಾದರೂ ಹೆಚ್ಚು ಇರಲಿ. ನಾನಾದರೆ 18 ಎಂಜಿನ್, 9 ಬಾಯ್ಲರ್ ಇಡುತ್ತೇನೆ.

ಕರೆಂಟು ಹೆಚ್ಚಿಸುವ ಬದಲು ಹಸಿವು ಕಡಿಮೆ ಮಾಡುವ ದಾರಿಯೂ ಇದೆ. ಎಫಿಶಿಯೆನ್ಸಿ ಮಾಡ್ಯೂಲ್ ಅಂದರೆ ಉಳಿತಾಯದ ಬಿಲ್ಲೆ. ಮೊದಲ ದರ್ಜೆಯ ಮೂರು ಬಿಲ್ಲೆ ಡ್ರಿಲ್‌ಗೆ ಹಾಕಿದರೆ ಅದರ ಕರೆಂಟು 90ರಿಂದ 18 ಕಿಲೋವ್ಯಾಟ್‌ಗೆ ಇಳಿಯುತ್ತದೆ. ಹೊಗೆಯೂ ಅಷ್ಟೇ ಇಳಿಯುತ್ತದೆ. ಇದನ್ನು ಮಾಡುವವರು ಬಹಳ ಕಡಿಮೆ. ಯಾಕೋ ಗೊತ್ತಿಲ್ಲ, ಎಲ್ಲರಿಗೂ ವೇಗದ ಬಿಲ್ಲೆಯ ಮೇಲೇ ಕಣ್ಣು.

ಹಂತ 4: ಬೆಲ್ಟಿನ ಕೊನೆಗೆ ಹೋಗಿ ನಿಲ್ಲಿ

ನಿಮ್ಮ ಉತ್ತರ ಇಲ್ಲಿರುವ ಸಾಧ್ಯತೆಯೇ ಜಾಸ್ತಿ. ನಿಧಾನವಾಗಿ ಓದಿ.

ಕಲ್ಲಿದ್ದಲು ಬೆಲ್ಟು ಬಾಯ್ಲರ್ ಸಾಲಿನ ಪಕ್ಕ ಹೋಗಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನಡೆಯಿರಿ. ಕೊನೆಯ ಬಾಯ್ಲರಿನ ಮುಂದೆ ನಿಂತು ಬೆಲ್ಟು ನೋಡಿ. ಎರಡು ಸಾಲಿನಲ್ಲೂ ಕಲ್ಲಿದ್ದಲು ಒತ್ತೊತ್ತಾಗಿ ನಿಂತಿದೆಯಾ? ಹಾಗಿದ್ದರೆ ಪೂರೈಕೆ ಸರಿ ಇದೆ. ಒಂದೊಂದೇ ಹರಳು ಓಡಿ ಬಂದು, ಬಂದ ಕೂಡಲೇ ಇನ್ಸರ್ಟರ್ ಎತ್ತಿಕೊಳ್ಳುತ್ತಿದೆಯಾ? ಅಥವಾ ಬೆಲ್ಟು ಬರೀ ಖಾಲಿಯಾ? ಹಾಗಿದ್ದರೆ ಸಿಕ್ಕಿತು. ಕೊನೆಯ ಬಾಯ್ಲರ್‌ಗಳ ಮೇಲೆ ಇಂಧನ ಇಲ್ಲ ಅನ್ನುವ ಗುರುತು ಮಿನುಗುತ್ತಿರುತ್ತದೆ.

ಈಗ ಯಾಕೆ ಬರುತ್ತಿಲ್ಲ ಅಂತ ನೋಡೋಣ. ಒಂದು ಕಲ್ಲಿದ್ದಲಿನಲ್ಲಿ 4 ಮೆಗಾಜೂಲ್ ಶಕ್ತಿ. ಪೂರ್ತಿ ಉರಿಯುವ ಬಾಯ್ಲರ್ ಸೆಕೆಂಡಿಗೆ 0.45 ಕಲ್ಲಿದ್ದಲು ತಿನ್ನುತ್ತದೆ. ಹಳದಿ ಬೆಲ್ಟು ಸೆಕೆಂಡಿಗೆ 15 ಸಾಗಿಸುತ್ತದೆ, ಆದರೆ ಒಂದೊಂದು ಸಾಲಿನಲ್ಲಿ 7.5 ಮಾತ್ರ. ಇದನ್ನು ನಾನು ಹೀಗೆ ನೆನಪಿಟ್ಟುಕೊಳ್ಳುತ್ತೇನೆ: ಒಂದು ಸಾಲು ಕಲ್ಲಿದ್ದಲು ಅಂದರೆ 30 ಮೆಗಾವ್ಯಾಟ್, ಎರಡೂ ಸಾಲು ತುಂಬಿದ್ದರೆ 60.

ಹಾಗಾದರೆ 20 ಬಾಯ್ಲರ್, 40 ಎಂಜಿನ್ ಕಟ್ಟಿದವರ ಗತಿ ಏನು? ಅವರಿಗೆ 36 ಮೆಗಾವ್ಯಾಟ್ ಬರಬೇಕು. ಬೆಲ್ಟಿನಲ್ಲಿ ಒಂದೇ ಸಾಲು ತುಂಬಿದ್ದರೆ 30ಕ್ಕೆ ನಿಲ್ಲುತ್ತದೆ. 16 ಬಾಯ್ಲರ್ ಉರಿಯುತ್ತವೆ, ಕೊನೆಯ ನಾಲ್ಕು ಹಸಿದಿರುತ್ತವೆ. ಒಂದೇ ಸಾಲು ಯಾಕೆ ತುಂಬುತ್ತದೆ? ಗಣಿಯಲ್ಲಿ ಡ್ರಿಲ್‌ಗಳನ್ನು ಬೆಲ್ಟಿನ ಒಂದೇ ಬದಿಗೆ ಇಟ್ಟಿರುತ್ತೀರಿ, ಅದಕ್ಕೆ. ಎರಡೂ ಬದಿಗೆ ಇಟ್ಟರೆ ಎರಡೂ ಸಾಲು ತುಂಬುತ್ತದೆ. ಇಷ್ಟು ಸಣ್ಣ ವಿಷಯ, ಆದರೆ ಇದಕ್ಕೆ ಎಷ್ಟು ಸಂಜೆಗಳು ಹಾಳಾಗಿವೆಯೋ!

ಮುಂದೆ ಗಣಿ. ವಿದ್ಯುತ್ ಡ್ರಿಲ್ ಒಂದು ಸೆಕೆಂಡಿಗೆ ಅರ್ಧ ಕಲ್ಲಿದ್ದಲು ತೆಗೆಯುತ್ತದೆ. 20 ಬಾಯ್ಲರಿಗೆ ಸೆಕೆಂಡಿಗೆ 9 ಬೇಕು. ಅಂದರೆ 18 ಡ್ರಿಲ್. ಎಣಿಸಿ ನೋಡಿ. ಎಣಿಸುವಾಗ ಅದಿರು ಮುಗಿದು ನಿಂತ ಡ್ರಿಲ್‌ಗಳನ್ನು ಬಿಟ್ಟು ಎಣಿಸಿ. ಗಣಿಯ ಅಂಚಿನ ಡ್ರಿಲ್‌ಗಳು ಮೊದಲು ಖಾಲಿಯಾಗುತ್ತವೆ, ಒಂದೊಂದೇ, ಸದ್ದಿಲ್ಲದೆ. ನಿನ್ನೆಯವರೆಗೆ ಸರಿ ಇತ್ತು, ನಾನೇನೂ ಮುಟ್ಟಿಲ್ಲ ಅನ್ನುವವರ ಆಟದಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಡ್ರಿಲ್ ಸಾಕಷ್ಟಿದೆ, ಆದರೂ ಬೆಲ್ಟು ಖಾಲಿಯಾ? ದಾರಿಯಲ್ಲಿ ಯಾರೋ ಕದಿಯುತ್ತಿದ್ದಾರೆ. ಪ್ಲಾಸ್ಟಿಕ್‌ಗೆ, ಗ್ರೆನೇಡ್‌ಗೆ, ಕುಲುಮೆಗೆ ಅಂತ ಅದೇ ಬೆಲ್ಟಿನಿಂದ ಸ್ಪ್ಲಿಟರ್ ಹಾಕಿ ಕವಲು ತೆಗೆದಿರುತ್ತೀರಿ. ಸ್ಪ್ಲಿಟರ್ ಅಂದರೆ ಬೆಲ್ಟನ್ನು ಎರಡಾಗಿ ಒಡೆಯುವ ಯಂತ್ರ. ಅದು ಅರ್ಧ ಅರ್ಧ ಹಂಚುತ್ತದೆ. ಸ್ಪ್ಲಿಟರ್ ಮೇಲೆ ಕ್ಲಿಕ್ ಮಾಡಿ, ಔಟ್‌ಪುಟ್ ಪ್ರಯಾರಿಟಿ ಅಂದರೆ ಮೊದಲ ಪಾಲು ಯಾವ ಕಡೆಗೆ ಅನ್ನುವುದನ್ನು ಬಾಯ್ಲರ್ ಕಡೆಗೆ ತಿರುಗಿಸಿ. ಬಾಯ್ಲರ್ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಬೇರೆಯವರಿಗೆ.

ಬೆಲ್ಟಿನಲ್ಲಿ ಬೇರೆ ವಸ್ತು ಸೇರಿಕೊಂಡಿದೆಯಾ ಅಂತಲೂ ನೋಡಿ. ಒಂದು ಕಲ್ಲು, ಒಂದು ಕಬ್ಬಿಣದ ಅದಿರು ಸಾಕು. ಬಾಯ್ಲರ್ ಅದನ್ನು ತೆಗೆದುಕೊಳ್ಳುವುದಿಲ್ಲ, ಅದು ಬೆಲ್ಟಿನ ಕೊನೆಗೆ ಹೋಗಿ ಕೂರುತ್ತದೆ. ಹೀಗೆ ಹತ್ತಿಪ್ಪತ್ತು ಕೂತರೆ ಕೊನೆಯ ಬಾಯ್ಲರಿಗೆ ಕಲ್ಲಿದ್ದಲು ತಲುಪುವುದೇ ಇಲ್ಲ. ದೂರದಿಂದ ನೋಡಿದರೆ ಬೆಲ್ಟು ತುಂಬಿದ ಹಾಗೇ ಕಾಣುತ್ತದೆ, ಅದಕ್ಕೇ ಹತ್ತಿರ ಹೋಗಿ ನೋಡಿ ಅಂದದ್ದು. ಕಲ್ಲಿದ್ದಲು ಗಣಿಗೂ ಕಲ್ಲಿನ ಗಣಿಗೂ ತಾಗಿಕೊಂಡು ಇಟ್ಟ ಡ್ರಿಲ್ ಈ ಕೆಲಸ ಮಾಡುತ್ತದೆ.

ಬೆಲ್ಟು ತುಂಬಿದೆ, ಬೇರೆ ವಸ್ತುವೂ ಇಲ್ಲ, ಆದರೂ ಬಾಯ್ಲರ್ ಖಾಲಿ. ಹಾಗಾದರೆ ಇನ್ಸರ್ಟರ್ ನೋಡಿ. ಇನ್ಸರ್ಟರ್ ಬಾಯ್ಲರಿನೊಳಗೆ ಸುಮಾರು 5 ಕಲ್ಲಿದ್ದಲು ಮಾತ್ರ ಇಟ್ಟು ನಿಲ್ಲುತ್ತದೆ. 5 ಅಂದರೆ 11 ಸೆಕೆಂಡಿನ ಊಟ. ಕರೆಂಟು ಇಳಿದು ಇನ್ಸರ್ಟರ್ ತೂಕಡಿಸಿದರೆ ಬಾಯ್ಲರ್ ಅಷ್ಟು ಬೇಗ ಆರುತ್ತದೆ. ಬಾಯ್ಲರ್‌ಗಳಿಗೆ ಬರ್ನರ್ ಇನ್ಸರ್ಟರ್ ಹಾಕಿ. ಇದು ಕರೆಂಟಿನಿಂದಲ್ಲ, ಕಲ್ಲಿದ್ದಲಿನಿಂದ ಓಡುತ್ತದೆ. ಬಾಯ್ಲರಿಗೆ ಹಾಕುವಾಗ ತನಗೂ ಒಂದು ತುತ್ತು ಇಟ್ಟುಕೊಳ್ಳುತ್ತದೆ. ನಿಧಾನ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ಆದರೆ ಒಂದು ಬಾಯ್ಲರಿಗೆ ಬೇಕಾದ 0.45 ಅದಕ್ಕೆ ಭಾರವಲ್ಲ. ಮೊದಲ ಸಲ ಕೈಯಾರೆ ಒಂದು ಕಲ್ಲಿದ್ದಲು ಹಾಕಿಬಿಡಿ.

ಹಂತ 5: ನೀರು

ನೀರಿನ ತೊಂದರೆ ಅಪರೂಪ. ಬಾಯ್ಲರಿನಲ್ಲಿ ಕಲ್ಲಿದ್ದಲಿದೆ, ಆದರೂ ಹಬೆ ಇಲ್ಲ ಅಂದಾಗ ಮಾತ್ರ ಇಲ್ಲಿಗೆ ಬನ್ನಿ. ಮೌಸನ್ನು ಬಾಯ್ಲರ್ ಮೇಲೆ ಇಟ್ಟರೆ ಒಳಗೆ ಎಷ್ಟು ನೀರಿದೆ ಅಂತ ತೋರಿಸುತ್ತದೆ.

ಆಫ್‌ಶೋರ್ ಪಂಪ್ ಸೆಕೆಂಡಿಗೆ 1200 ನೀರು ಕೊಡುತ್ತದೆ. 1.1ರವರೆಗಿನ ಆವೃತ್ತಿಗಳಲ್ಲಿ ಬಾಯ್ಲರ್ ಸೆಕೆಂಡಿಗೆ 60 ನೀರು ಕುಡಿಯುತ್ತಿತ್ತು. ಆದ್ದರಿಂದಲೇ ಹಳೆಯ ವಿಡಿಯೊಗಳಲ್ಲಿ 1 ಪಂಪು, 20 ಬಾಯ್ಲರ್, 40 ಎಂಜಿನ್ ಅನ್ನುವ ಮಂತ್ರ ಕೇಳುವುದು. 2.0ರಲ್ಲಿ ಒಂದು ನೀರು ಹತ್ತು ಹಬೆಯಾಗುತ್ತದೆ, ಬಾಯ್ಲರಿಗೆ ಸೆಕೆಂಡಿಗೆ 6 ನೀರು ಸಾಕು. ಒಂದೇ ಪಂಪಿಗೆ 200 ಬಾಯ್ಲರ್, 400 ಎಂಜಿನ್. ಹೊಸ ಆವೃತ್ತಿಯಲ್ಲಿ ಆಡುವವರು 20 ಬಾಯ್ಲರಿಗೊಂದು ಪಂಪು ಅಂತ ಕೆರೆದಡದಲ್ಲಿ ಸಾಲಾಗಿ ಪಂಪು ನಿಲ್ಲಿಸುವುದು ವ್ಯರ್ಥ. ಹಳೆಯ ಆವೃತ್ತಿಯವರು 20 ದಾಟಿದ್ದರೆ ಎರಡನೇ ಪಂಪು ಹಾಕಲೇಬೇಕು.

ಹಂತ 6: ಪೈಪು

2.0ರಲ್ಲಿ ಪೈಪಿನ ಸಾಲು 320 ಚೌಕಕ್ಕಿಂತ ಹೆಚ್ಚು ದೂರ ಹರಡಿದರೆ ಹರಿವು ನಿಲ್ಲುತ್ತದೆ, ನಡುವೆ ಒಂದು ಪಂಪ್ ಬೇಕು. ಈ ಪಂಪಿಗೆ ಕರೆಂಟು ಬೇಕು ಅನ್ನುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮತ್ತೊಂದು ಡೆತ್ ಸ್ಪೈರಲ್. ಹಳೆಯ ಆವೃತ್ತಿಗಳಲ್ಲಿ ಪೈಪು ಉದ್ದವಾದಷ್ಟೂ ಹರಿವು ಕಡಿಮೆಯಾಗುತ್ತಿತ್ತು. ತೋಡಿನಿಂದ ಮನೆಗೆ ಪೈಪ್ ಎಳೆದವರಿಗೆ ಇದು ಹೊಸದಲ್ಲ.

ನೀರು ಬಾಯ್ಲರಿನ ಎರಡು ಪಕ್ಕಗಳಿಂದ ಹಾದುಹೋಗುತ್ತದೆ, ಹಬೆ ಮುಂಭಾಗದಿಂದ ಮಾತ್ರ ಹೊರಬರುತ್ತದೆ. ಎಂಜಿನ್‌ಗೆ ಎರಡು ತುದಿಗಳಲ್ಲಿ ಬಾಯಿ. ಒಂದು ಚೌಕ ಆಚೀಚೆ ಆದರೂ ಸಂಪರ್ಕ ಇಲ್ಲ. ಆಲ್ಟ್ ಒತ್ತಿ, ಒಂದೊಂದೇ ಎಂಜಿನ್ ಮೇಲೆ ಮೌಸ್ ಇಟ್ಟು ನೋಡಿ. ಸಾಲಿನಲ್ಲಿ ಒಂದೇ ಒಂದು ಎಂಜಿನ್ ಹಬೆ ಇಲ್ಲದೆ ನಿಂತಿದ್ದರೆ ಅದರ ಬಾಯಿ ಸೇರಿಲ್ಲ. ಕಿತ್ತು ಮತ್ತೆ ಇಡಿ.

ಹಂತ 7: ಗಣಿಗೆ ಬೇರೆಯೇ ಕರೆಂಟು ಕೊಡಿ

ಇಲ್ಲಿಯವರೆಗೆ ಬಂದಿದ್ದರೆ ಕರೆಂಟು ಮರಳಿರುತ್ತದೆ. ಇನ್ನು ಮತ್ತೆ ಡೆತ್ ಸ್ಪೈರಲ್ ಆಗದ ಹಾಗೆ ಮಾಡಬೇಕು. ಹತ್ತು ನಿಮಿಷದ ಕೆಲಸ, ಆದರೆ ಮಾಡಿದವರು ಕಡಿಮೆ.

ಕಲ್ಲಿದ್ದಲು ಬೆಲ್ಟು ಬಾಯ್ಲರ್ ಸಾಲಿಗೆ ತಲುಪುವ ಮೊದಲ ಜಾಗದಲ್ಲಿ ಒಂದು ಬಾಯ್ಲರ್, ಎರಡು ಎಂಜಿನ್ ಬೇರೆಯಾಗಿ ಕಟ್ಟಿ. ಬೆಲ್ಟಿನ ಮೊದಲ ಕಲ್ಲಿದ್ದಲು ಇದಕ್ಕೇ ಸಿಗಬೇಕು. ಈ ಎರಡು ಎಂಜಿನ್‌ಗಳಿಂದ 1.8 ಮೆಗಾವ್ಯಾಟ್ ಬರುತ್ತದೆ. 18 ಕಲ್ಲಿದ್ದಲು ಡ್ರಿಲ್‌ಗೆ ಬೇಕಾದ್ದು 1.62. ಸರಿಯಾಗಿ ಹಿಡಿಯುತ್ತದೆ. ಬಾಯ್ಲರ್‌ಗಳ ಇನ್ಸರ್ಟರ್‌ಗಳನ್ನೂ ಇದಕ್ಕೇ ಜೋಡಿಸಲು ಹೋದರೆ ಅಂಚಿಗೆ ಬರುತ್ತದೆ. ಅದಕ್ಕೇ ಅಲ್ಲಿ ಬರ್ನರ್ ಇನ್ಸರ್ಟರ್ ಇರಲಿ ಅಂದದ್ದು.

ಇನ್ನು ಈ ಸಾಲನ್ನು ದೊಡ್ಡ ಜಾಲದಿಂದ ಬೇರ್ಪಡಿಸಬೇಕು. ಎಡವುವುದು ಇಲ್ಲೇ. ಕಂಬ ನೆಟ್ಟ ಕೂಡಲೇ ಅದು ಹತ್ತಿರದ ಎಲ್ಲ ಕಂಬಗಳಿಗೂ ತಾನೇ ತಂತಿ ಎಳೆದುಕೊಳ್ಳುತ್ತದೆ. ಶಿಫ್ಟ್ ಒತ್ತಿಕೊಂಡು ಕಂಬದ ಮೇಲೆ ಕ್ಲಿಕ್ ಮಾಡಿದರೆ ತಂತಿಗಳು ಕಳಚುತ್ತವೆ. ಆಮೇಲೆ ತಾಮ್ರದ ತಂತಿಯಿಂದ ಬೇಕಾದ ಕಂಬಗಳನ್ನು ಮಾತ್ರ ಕೈಯಾರೆ ಜೋಡಿಸಿ. ಎರಡು ಜಾಲದ ಕಂಬಗಳೂ ಒಂದೇ ಡ್ರಿಲ್‌ಗೆ ಎಟುಕುವ ಹಾಗೆ ಇಡಬೇಡಿ, ಹಾಗೆ ಇಟ್ಟರೆ ಆ ಡ್ರಿಲ್ ಎರಡೂ ಕಡೆಯಿಂದ ಕರೆಂಟು ಎಳೆಯುತ್ತದೆ. ಕೊನೆಗೆ ಗಣಿಯ ಒಂದು ಕಂಬದ ಮೇಲೆ ಕ್ಲಿಕ್ ಮಾಡಿ. ಬಲಗಡೆ ಎಂಜಿನ್ ಎರಡೇ ಕಾಣಿಸಬೇಕು. 20 ಕಂಡರೆ ಎಲ್ಲೋ ಒಂದು ತಂತಿ ಉಳಿದಿದೆ.

ಹಂತ 8: ಮೀಸಲು ಮತ್ತು ಗಂಟೆ

ಮೀಸಲು ಇಡಲು ಎರಡು ದಾರಿ ಇವೆ, ಎರಡೂ ಒಂದೇ ಅಲ್ಲ. ಅಕ್ಯುಮುಲೇಟರ್ 5 ಮೆಗಾಜೂಲ್ ಹಿಡಿಯುತ್ತದೆ. ಹಬೆ ತುಂಬಿದ ಒಂದು ಸ್ಟೋರೇಜ್ ಟ್ಯಾಂಕ್ 750 ಮೆಗಾಜೂಲ್, ಅಂದರೆ 150 ಅಕ್ಯುಮುಲೇಟರ್‌ಗಳಷ್ಟು. ಟ್ಯಾಂಕನ್ನು ಬಾಯ್ಲರಿಗೂ ಎಂಜಿನ್‌ಗೂ ನಡುವೆ ಕೂರಿಸಿ. ಆದರೆ ಟ್ಯಾಂಕು ಕೈಹಿಡಿಯುವುದು ಕಲ್ಲಿದ್ದಲು ಸ್ವಲ್ಪ ಹೊತ್ತು ನಿಂತಾಗ ಮಾತ್ರ. ಎಂಜಿನ್‌ಗಳೇ ಸಾಲದಿದ್ದಾಗ ಟ್ಯಾಂಕು ತುಂಬಿ ಕೂತಿದ್ದರೂ ಪ್ರಯೋಜನವಿಲ್ಲ, ಆಗ ಬೇಕಾದ್ದು ಅಕ್ಯುಮುಲೇಟರ್. ಲೇಸರ್ ಟರೆಟ್‌ಗಳು ಒಮ್ಮೆಲೇ ಹಾರಿಸಿದಾಗ ಬರುವ ಏಟಿಗೆ ಇದೇ ಸರಿ.

ಯಂತ್ರಗಳ ನಡುವೆ ಸಂಕೇತ ಕಳಿಸುವ ಸರ್ಕ್ಯೂಟ್ ನೆಟ್‌ವರ್ಕ್ ಸಂಶೋಧನೆ ಆಗಿದ್ದರೆ ಇನ್ನೊಂದು ಉಪಾಯ ಮಾಡಿ. ಲ್ಯಾಬ್‌ಗಳ ಸಾಲನ್ನು ಪವರ್ ಸ್ವಿಚ್ ಮೂಲಕ ಜೋಡಿಸಿ. ದೊಡ್ಡ ಜಾಲದ ಒಂದು ಅಕ್ಯುಮುಲೇಟರಿನಿಂದ ಸ್ವಿಚ್‌ಗೆ ಹಸಿರು ಅಥವಾ ಕೆಂಪು ತಂತಿ ಎಳೆಯಿರಿ. ಅಕ್ಯುಮುಲೇಟರ್ ತನ್ನ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ಎ ಅನ್ನುವ ಸಂಕೇತವಾಗಿ ಕಳಿಸುತ್ತದೆ. ಎ 30ಕ್ಕಿಂತ ಹೆಚ್ಚಿದ್ದರೆ ಮಾತ್ರ ಸ್ವಿಚ್ ಆನ್ ಅಂತ ಷರತ್ತು ಕೊಡಿ. ಕರೆಂಟು ಕಡಿಮೆಯಾದರೆ ಲ್ಯಾಬ್‌ಗಳು ತಾವಾಗಿಯೇ ನಿಲ್ಲುತ್ತವೆ, ಗಣಿ ಉಳಿಯುತ್ತದೆ. ಅದೇ ತಂತಿಗೆ ಒಂದು ಪ್ರೋಗ್ರಾಮೆಬಲ್ ಸ್ಪೀಕರ್ ಜೋಡಿಸಿ, ಎ 50ಕ್ಕಿಂತ ಇಳಿದರೆ ಕೂಗು ಅಂತ ಹೇಳಿ. ನೀವು ನಕ್ಷೆಯ ಯಾವ ಮೂಲೆಯಲ್ಲಿದ್ದರೂ ಎಚ್ಚರಿಕೆ ಬರುತ್ತದೆ.

ಸೋಲಾರ್‌ಗೆ ಹೋಗಿಬಿಡ್ಲಾ ಅಂತ ಕೇಳುವವರೂ ಇದ್ದಾರೆ. ಹೋಗಿ, ಆದರೆ ಲೆಕ್ಕ ನೋಡಿಕೊಂಡು ಹೋಗಿ. ಒಂದು ಫಲಕ ಹಗಲಿನಲ್ಲಿ 60 ಕಿಲೋವ್ಯಾಟ್ ಕೊಟ್ಟರೂ ಹಗಲು ರಾತ್ರಿಯ ಸರಾಸರಿ 42 ಮಾತ್ರ. 20 ಎಂಜಿನ್‌ಗಳ ಜಾಗದಲ್ಲಿ ಸುಮಾರು 430 ಫಲಕ, 360 ಅಕ್ಯುಮುಲೇಟರ್ ಬೇಕು. ಅವನ್ನು ಕಟ್ಟಿ ಮುಗಿಸುವವರೆಗೆ ಬಾಯ್ಲರ್ ಕೀಳಬೇಡಿ. ಎರಡೂ ಒಟ್ಟಿಗಿದ್ದರೆ ಆಟ ಮೊದಲು ಸೋಲಾರ್ ಬಳಸುತ್ತದೆ, ಕೊರತೆ ಬಿದ್ದಷ್ಟಕ್ಕೆ ಮಾತ್ರ ಸ್ಟೀಮ್ ಎಂಜಿನ್ ಓಡಿಸುತ್ತದೆ, ಅದೂ ಸಾಲದಾಗ ಅಕ್ಯುಮುಲೇಟರ್ ಮುಟ್ಟುತ್ತದೆ.

ಎಲ್ಲ ಮುಗಿದ ಮೇಲೆ ಕಿತ್ತಿಟ್ಟ ಕಂಬ ಮತ್ತೆ ನೆಡಿ. ಲ್ಯಾಬು, ಕುಲುಮೆ, ರೇಡಾರು ಎಲ್ಲವೂ ಓಡಲಿ. ಆಮೇಲೆ ಕಾರ್ಖಾನೆ ಕಡೆ ಹೋಗಬೇಡಿ. ಕೊನೆಯ ಬಾಯ್ಲರಿನ ಮುಂದೆ ಐದು ನಿಮಿಷ ನಿಂತು ಬೆಲ್ಟು ನೋಡುತ್ತಿರಿ. ಕಲ್ಲಿದ್ದಲು ಒತ್ತೊತ್ತಾಗಿ ನಿಂತೇ ಇದ್ದರೆ ಕೆಲಸ ಆಯ್ತು. ಹರಳುಗಳ ನಡುವೆ ಸಂದು ಕಾಣತೊಡಗಿದರೆ ಗಣಿಗೆ ಹೋಗಿ ಇನ್ನೆರಡು ಡ್ರಿಲ್ ಹಾಕಿ ಬನ್ನಿ.